ಯಾಕೆ ಸಾರ್, ಯಾರ್ಯಾರು ನೋಡ್ತಾರೆ?

ಹರಪನಹಳ್ಳಿ ಇದ್ದಲ್ಲೇ ಇದೆ. ಜಿಲ್ಲೆ ಮಾತ್ರ ಮೂರು ಸಲ ಬದಲಾಯ್ತು: 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಜೊತೆ ವಿಜಯನಗರಕ್ಕೆ. ವಿಳಾಸ ತಿದ್ದಿಸೋಕೆ ಜೆರಾಕ್ಸ್ ಅಂಗಡಿ ಮುಂದೆ ನಿಂತು ಆಧಾರ್ ನಂಬರ್, ಒಟಿಪಿ ಎಲ್ಲಾ ಕೂಗಿ ಹೇಳೋರು ನಾವು, ದೊಡ್ಡವರು. ಮಕ್ಕಳು ಕಲಿತದ್ದು ಅದನ್ನೇ.

ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ನೇ ವಯಸ್ಸಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ಕೇಸಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು.

ಮೇಷ್ಟ್ರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಕಥೆ ಕೇಳಿದ ಹುಡುಗಿ ನಾಳೆ ನಿಮ್ಮನ್ನೇ 'ನನ್ನ ನಂಬರ್ ಯಾಕೆ ಸಾರ್, ಯಾರ್ಯಾರು ನೋಡ್ತಾರೆ?' ಅಂತ ಕೇಳಿದರೆ, ಅಧಿಕಪ್ರಸಂಗಿ ಅಂತ ಗದರಿಸಬೇಡಿ.