ಧ್ವನಿಮತದಲ್ಲಿ ಮರೆಯಾಗುವ ಜನಪ್ರತಿನಿಧಿ: ಕಾರ್ಮಿಕ ಮಸೂದೆಗಳ ಮತದಾನವನ್ನು ಓದುವ ಬಗೆ

ಕೈಗಾರಿಕಾ ಸಂಬಂಧಗಳ ಸಂಹಿತೆಗೆ ನಮ್ಮ ಸಂಸದರು ಪರವಾಗಿ ಮತ ಹಾಕಿದರೇ, ವಿರುದ್ಧವಾಗಿ ಹಾಕಿದರೇ ಎಂದು ಪೀಣ್ಯದ ಕಾರ್ಮಿಕರೊಬ್ಬರು ಕೇಳಿದರೆ ಸಂಸತ್ತಿನ ನಡಾವಳಿಯಲ್ಲಿ ಅವರಿಗೆ ಉತ್ತರ ಸಿಗುವುದಿಲ್ಲ. ಆ ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತು. ಧ್ವನಿಮತದಲ್ಲಿ ಹೆಸರುಗಳು ದಾಖಲಾಗುವುದಿಲ್ಲ. ಶಾಸಕರ ಮತದಾನದ ಮೇಲೆ ಅಮೆರಿಕದಲ್ಲಿ ಬೆಳೆದ ಅಧ್ಯಯನ ಪರಂಪರೆ, ಅದರಲ್ಲೂ ಕೀತ್ ಪೂಲ್ ಮತ್ತು ಹೋವರ್ಡ್ ರೋಸೆಂಥಾಲ್ ರೂಪಿಸಿದ ವಿಧಾನ, ನಿಂತಿರುವುದು ಹೆಸರು ಸಹಿತ ದಾಖಲಾದ ಮತಗಳ ಮೇಲೆ. ಆ ಸಾಮಗ್ರಿಯೇ ವಿರಳವಾದ ನಮ್ಮಲ್ಲಿ ಮತವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ: ಸಮಿತಿಯ ಭಿನ್ನಮತ ಟಿಪ್ಪಣಿಯಲ್ಲಿ, ಸಭಾತ್ಯಾಗದಲ್ಲಿ, ಖಾಲಿ ಆಸನಗಳಲ್ಲಿ. ಈ ಗೈರುಹಾಜರಿಯನ್ನೂ ಒಂದು ಬಗೆಯ ಮತವೆಂದೇ ಓದಬೇಕು ಎಂಬುದು ಈ ಲೇಖನದ ವಾದ.

ನಿಯಮದ ಚೌಕಟ್ಟು ಸರಳವಾಗಿದೆ. ಸಂವಿಧಾನದ 100ನೇ ವಿಧಿಯಂತೆ ಹಾಜರಿದ್ದು ಮತ ಹಾಕಿದವರ ಬಹುಮತವೇ ಸದನದ ತೀರ್ಮಾನ. ಸಭಾಧ್ಯಕ್ಷರು ಮೊದಲು 'ಹೌದು', 'ಇಲ್ಲ'ಗಳ ಸದ್ದು ಕೇಳಿ ಅಭಿಪ್ರಾಯ ಹೇಳುತ್ತಾರೆ. ಅದನ್ನು ಯಾರಾದರೂ ಪ್ರಶ್ನಿಸಿ ಮತ ವಿಭಜನೆ ಕೇಳಿದರೆ ಮಾತ್ರ ಎಣಿಕೆಯ ಮಾತು ಬರುತ್ತದೆ. ಇದರ ಮೇಲೆ 1985ರಲ್ಲಿ ಸೇರಿದ ಹತ್ತನೇ ಅನುಸೂಚಿ ಕುಳಿತಿದೆ. ಪಕ್ಷದ ವಿಪ್‌ಗೆ ವಿರುದ್ಧವಾಗಿ ಮತ ಹಾಕಿದರೂ, ಮತ ಹಾಕದೆ ಉಳಿದರೂ, ಪಕ್ಷ 15 ದಿನಗಳೊಳಗೆ ಅದನ್ನು ಮನ್ನಿಸದಿದ್ದರೆ ಸದಸ್ಯತ್ವಕ್ಕೆ ಕುತ್ತು. ಸರ್ಕಾರ ಉರುಳಿಸುವ ಪಕ್ಷಾಂತರವನ್ನು ತಡೆಯಲು ಬಂದ ಈ ಕಟ್ಟುಪಾಡು ಕಾರ್ಖಾನೆಯ ಕೆಲಸದ ಅವಧಿಯಂಥ ವಿಷಯಕ್ಕೂ ಅಷ್ಟೇ ಬಿಗಿಯಾಗಿ ಅನ್ವಯವಾಗುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಭಾರತೀಯ ಮಜ್ದೂರ್ ಸಂಘ ಕೈಗಾರಿಕಾ ಸಂಬಂಧಗಳ ಸಂಹಿತೆಯ ಹಲವು ಅಂಶಗಳನ್ನು ಬಹಿರಂಗವಾಗಿಯೇ ವಿರೋಧಿಸಿತ್ತು. ಅದರೊಂದಿಗೆ ಸೈದ್ಧಾಂತಿಕ ನಂಟಿರುವ ಆಳುವ ಪಕ್ಷದ ಸಂಸದರಲ್ಲಿ ಎಷ್ಟು ಮಂದಿಗೆ ಅದೇ ಅನುಮಾನಗಳಿದ್ದವೆಂದು ತಿಳಿಯಲು ನಮ್ಮ ವ್ಯವಸ್ಥೆಯಲ್ಲಿ ದಾರಿಯಿಲ್ಲ.

ಎಣಿಕೆ ನಡೆದ ಅಪರೂಪದ ಸಂದರ್ಭಗಳೂ ಯೋಚನೆಗೆ ಹಚ್ಚುತ್ತವೆ. 29 ಕೇಂದ್ರ ಕಾಯ್ದೆಗಳನ್ನು ನಾಲ್ಕು ಸಂಹಿತೆಗಳಾಗಿ ಒಗ್ಗೂಡಿಸುವ ಕೆಲಸದಲ್ಲಿ ಮೊದಲನೆಯದಾದ ವೇತನ ಸಂಹಿತೆಗೆ 2019ರ ಆಗಸ್ಟ್ 2ರಂದು ರಾಜ್ಯಸಭೆ 85-8 ಮತಗಳಿಂದ ಒಪ್ಪಿಗೆ ಕೊಟ್ಟಿತು. 245 ಸ್ಥಾನಗಳ ಸದನದಲ್ಲಿ ಎಣಿಕೆಗೆ ಸಿಕ್ಕ ಮತಗಳು 93. ದೇಶದ ಪ್ರತಿಯೊಬ್ಬ ಕೂಲಿಕಾರ್ಮಿಕನ ಕನಿಷ್ಠ ವೇತನವನ್ನು ಮುಟ್ಟುವ ಶಾಸನಕ್ಕೆ ವಿರುದ್ಧವಾಗಿ ಬಿದ್ದ ಮತ ಎಂಟು ಎಂಬುದಕ್ಕಿಂತ, ಅರ್ಧಕ್ಕೂ ಹೆಚ್ಚು ಸ್ಥಾನಗಳಿಂದ ಯಾವ ಮತವೂ ಬರಲಿಲ್ಲ ಎಂಬುದೇ ಇಲ್ಲಿ ಮುಖ್ಯ ದತ್ತಾಂಶ.

ಉಳಿದ ಮೂರು ಸಂಹಿತೆಗಳ ಕಥೆ ಇನ್ನೂ ಗಂಭೀರವಾದದ್ದು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳಿಗೆ ವಿರೋಧ ಪಕ್ಷಗಳು ಮತ ವಿಭಜನೆ ಕೇಳಿದವು, ಆದರೆ ಧ್ವನಿಮತದಲ್ಲೇ ಅಂಗೀಕಾರ ಘೋಷಣೆಯಾಯಿತು. ಗದ್ದಲದ ಕಾರಣಕ್ಕೆ ಮರುದಿನ ಎಂಟು ಸದಸ್ಯರು ಅಮಾನತಾದರು. ವಿರೋಧ ಪಕ್ಷಗಳು ಕಲಾಪ ಬಹಿಷ್ಕರಿಸಿದವು. ಕಾರ್ಮಿಕ ಮಸೂದೆಗಳನ್ನು ತಮ್ಮ ಗೈರುಹಾಜರಿಯಲ್ಲಿ ಅಂಗೀಕರಿಸಬೇಡಿ ಎಂದು ಗುಲಾಂ ನಬಿ ಆಜಾದ್ ಸಭಾಪತಿಗೆ ಪತ್ರ ಬರೆದರು. ಆದರೂ ಸೆಪ್ಟೆಂಬರ್ 22ರಂದು ಲೋಕಸಭೆಯಲ್ಲಿ, 23ರಂದು ರಾಜ್ಯಸಭೆಯಲ್ಲಿ ಮೂರೂ ಮಸೂದೆಗಳು ಅಂಗೀಕಾರವಾದವು. 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಜನರನ್ನು ಕೆಲಸದಿಂದ ತೆಗೆಯಬಹುದು ಎಂಬ ನಿಯಮ ಇವುಗಳಲ್ಲೊಂದರಲ್ಲಿದೆ. ಅದಕ್ಕೆ ಮೊದಲು ಆ ಮಿತಿ 100 ಇತ್ತು.

ಅಮಾನತಾದ ಎಂಟು ಮಂದಿಯಲ್ಲಿ ಕೇರಳದ ಎಳಮರಂ ಕರೀಂ ಒಬ್ಬರು. ಕರ್ನಾಟಕದಿಂದ ಆಯ್ಕೆಯಾದ ಸೈಯದ್ ನಾಸಿರ್ ಹುಸೇನ್ ಇನ್ನೊಬ್ಬರು. ಕಾರ್ಮಿಕ ಸಂಘಟನೆಯಿಂದ ಬಂದ ಕರೀಂ ಅದೇ ವರ್ಷ ಸ್ಥಾಯಿ ಸಮಿತಿಯಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯ ವರದಿಗೆ ಭಿನ್ನಮತ ಟಿಪ್ಪಣಿ ಬರೆದವರು. ಅವರ ಅಸಮ್ಮತಿ ಸಮಿತಿಯ ಕಡತದಲ್ಲಿದೆ, ಸದನದ ಮತದಲ್ಲಿಲ್ಲ. ಹೆಸರು ಸಹಿತ ಮತಗಳನ್ನಷ್ಟೇ ಎಣಿಸುವ ಸಂಶೋಧಕ ಇಂಥ ಸಂಸದರನ್ನು 'ದಾಖಲೆ ಇಲ್ಲ' ಎಂದು ಬಿಟ್ಟುಬಿಡುತ್ತಾನೆ. ಮಸೂದೆಯನ್ನು ಸಾಲುಸಾಲಾಗಿ ಓದಿ ವಿರೋಧಿಸಿದವರೇ ದತ್ತಾಂಶದಿಂದ ಹೊರಬೀಳುವ ಈ ವೈಪರೀತ್ಯವನ್ನು ವಿಧಾನದ ಮಟ್ಟದಲ್ಲೇ ಸರಿಪಡಿಸಬೇಕು. ಸಮಿತಿಯ ಭಿನ್ನಮತವನ್ನು ವಿರುದ್ಧ ಮತಕ್ಕೆ ಸಮನಾಗಿ ಎಣಿಸುವುದು ಮೊದಲ ಹೆಜ್ಜೆಯಾಗಬಹುದು.

ಕರ್ನಾಟಕಕ್ಕೆ ಬಂದರೆ ಹೋಲಿಕೆಗೆ ಒಳ್ಳೆಯ ಜೋಡಿಯೊಂದು ಸಿಗುತ್ತದೆ. ಸಂಸತ್ತು ಸಂಹಿತೆಗಳನ್ನು ಅಂಗೀಕರಿಸಿದ ಮೂರನೆಯ ದಿನ, 2020ರ ಸೆಪ್ಟೆಂಬರ್ 26ರಂದು, ಅದೇ 100ರ ಮಿತಿಯನ್ನು 300ಕ್ಕೆ ಏರಿಸುವ ರಾಜ್ಯದ ಕೈಗಾರಿಕಾ ವಿವಾದಗಳ ತಿದ್ದುಪಡಿ ಮಸೂದೆ ವಿಧಾನ ಪರಿಷತ್ತಿನಲ್ಲಿ ಸೋತಿತು. ಆಗ ಆಳುವ ಬಿಜೆಪಿಗೆ ಅಲ್ಲಿ ಬಹುಮತವಿರಲಿಲ್ಲ. ಕಾಂಗ್ರೆಸ್ ಮತ್ತು ಜೆಡಿಎಸ್ ಸದಸ್ಯರು ಸದನದಲ್ಲೇ ಉಳಿದು ವಿರುದ್ಧ ಮತ ಹಾಕಿದರು. 2023ರ ಫೆಬ್ರುವರಿಯಲ್ಲಿ, ದಿನದ ಕೆಲಸವನ್ನು 9ರಿಂದ 12 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಡುವ ಕಾರ್ಖಾನೆಗಳ ತಿದ್ದುಪಡಿ ಮಸೂದೆ ಅದೇ ಪರಿಷತ್ತಿಗೆ ಬಂದಾಗ ಸಂಖ್ಯಾಬಲ ಬದಲಾಗಿತ್ತು. ಅವೇ ಎರಡು ಪಕ್ಷಗಳು ಈ ಬಾರಿ ಸಭಾತ್ಯಾಗ ಮಾಡಿದವು. ಪ್ರಶ್ನೆ ಎರಡೂ ಸಲ ಕಾರ್ಮಿಕರದ್ದೇ, ಪಕ್ಷಗಳೂ ಅವೇ. ಬದಲಾದದ್ದು ಗೆಲ್ಲುವ ಸಾಧ್ಯತೆ. ಮತ ಫಲಿತಾಂಶವನ್ನು ತಿರುಗಿಸುವಂತಿದ್ದರೆ ಸದಸ್ಯರು ಕೂರುತ್ತಾರೆ, ಇಲ್ಲದಿದ್ದರೆ ಹೊರನಡೆಯುತ್ತಾರೆ ಎಂಬ ಊಹೆಗೆ ಇದು ಬಲ ಕೊಡುತ್ತದೆ. ಆದರೆ ಸೋಲುವ ಮತಕ್ಕೂ ಬೆಲೆಯಿದೆ. ಅದು ಹೆಸರಿನೊಂದಿಗೆ ಉಳಿಯುತ್ತದೆ, ಮುಂದಿನ ಚುನಾವಣೆಯಲ್ಲಿ ಪ್ರಶ್ನೆಯಾಗಿ ಮರಳುತ್ತದೆ. ಸಭಾತ್ಯಾಗ ಆ ಹೊಣೆಯನ್ನು ಹಗುರ ಮಾಡುತ್ತದೆ.

ಸಭಾತ್ಯಾಗವೆಲ್ಲ ನಿಷ್ಫಲವಲ್ಲ ಎಂಬುದಕ್ಕೆ ತಮಿಳುನಾಡು ಸಾಕ್ಷಿ. 2023ರ ಏಪ್ರಿಲ್ 21ರಂದು ಅಲ್ಲಿಯ ವಿಧಾನಸಭೆ 12 ಗಂಟೆ ಕೆಲಸಕ್ಕೆ ದಾರಿ ಮಾಡುವ ಮಸೂದೆಯನ್ನು ಧ್ವನಿಮತದಿಂದ ಅಂಗೀಕರಿಸಿದಾಗ ಹೊರನಡೆದವರಲ್ಲಿ ಡಿಎಂಕೆಯ ಮಿತ್ರಪಕ್ಷಗಳಾದ ಎಡಪಕ್ಷಗಳೂ ವಿಸಿಕೆಯೂ ಇದ್ದವು. ಮೂರೇ ದಿನಗಳಲ್ಲಿ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಮೇ ದಿನದಂದು ಮುಖ್ಯಮಂತ್ರಿ ಸ್ಟಾಲಿನ್ ಅದನ್ನು ಹಿಂಪಡೆದುದಾಗಿ ಹೇಳಿದರು. ಹೊರನಡೆಯುವವರು ಯಾರ ಪಕ್ಕದಿಂದ ಎದ್ದರು ಎಂಬುದರ ಮೇಲೆ ಸಭಾತ್ಯಾಗದ ತೂಕ ನಿಂತಿದೆ. ವಿರೋಧ ಪಕ್ಷದ ನಿರ್ಗಮನ ನಿರೀಕ್ಷಿತ. ಮಿತ್ರನ ನಿರ್ಗಮನ ಸರ್ಕಾರದ ಅಡಿಪಾಯಕ್ಕೆ ತಾಗುತ್ತದೆ.

ವಿರೋಧ ಪಕ್ಷದಲ್ಲಿದ್ದಾಗಿನ ನಿಲುವು ಅಧಿಕಾರದಲ್ಲಿಯೂ ಉಳಿಯುತ್ತದೆಯೇ ಎಂಬುದು ಬೇರೆಯದೇ ಅಧ್ಯಯನ ಬೇಡುವ ಪ್ರಶ್ನೆ. 2023ರ ಫೆಬ್ರುವರಿಯಲ್ಲಿ ಸಭಾತ್ಯಾಗ ಮಾಡಿದ ಕಾಂಗ್ರೆಸ್ ಅದೇ ಮೇ ತಿಂಗಳಲ್ಲಿ ಸರ್ಕಾರ ರಚಿಸಿತು. ಆ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು. ಪ್ರತಿ ವಹಿವಾಟಿನ ಮೇಲೆ ಕಲ್ಯಾಣ ಶುಲ್ಕ ವಿಧಿಸುವ ಆ ಕಾಯ್ದೆ ನಿಜಕ್ಕೂ ದೊಡ್ಡ ಹೆಜ್ಜೆ. ಅದೇ ವರ್ಷದ ಜೂನ್‌ನಲ್ಲಿ ಅದೇ ಸರ್ಕಾರದ ಕಾರ್ಮಿಕ ಇಲಾಖೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ ದಿನದ ಕೆಲಸವನ್ನು 9ರಿಂದ 10 ಗಂಟೆಗೆ ಏರಿಸುವ ಪ್ರಸ್ತಾವವನ್ನೂ ಮುಂದಿಟ್ಟಿತು, ಐಟಿ ನೌಕರರ ಸಂಘ ಅದನ್ನು ವಿರೋಧಿಸಿತು. ಹೊಸ ರಕ್ಷಣೆ ನೀಡುವ ಮಸೂದೆಗಳಿಗೆ ವಿರುದ್ಧವಾಗಿ ನಿಲ್ಲಲು ಯಾವ ಪಕ್ಷವೂ ಬಯಸುವುದಿಲ್ಲ. ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿ ಅಂಥದ್ದೇ. ಪಕ್ಷಗಳ ನಿಜವಾದ ನಿಲುವು ಹೊರಬೀಳುವುದು ಇರುವ ರಕ್ಷಣೆಯನ್ನು ಸಡಿಲಿಸುವ ಮಸೂದೆಗಳಲ್ಲಿ, ಮತ್ತು ಹೆಸರುಗಳು ದಾಖಲಾಗದೆ ಹೋಗುವುದೂ ಹೆಚ್ಚಾಗಿ ಅವುಗಳಲ್ಲೇ. ನಾಲ್ಕೂ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ಪರಿಷತ್ತು ತಿರಸ್ಕರಿಸಿದ್ದ 300ರ ಮಿತಿ ಈಗ ಕೇಂದ್ರ ಶಾಸನದ ಮೂಲಕ ಕರ್ನಾಟಕಕ್ಕೂ ಅನ್ವಯಿಸುತ್ತದೆ. ಕೆಲಸ ಕಳೆದುಕೊಂಡವರು ಆ ಮಿತಿಗೆ ಒಪ್ಪಿದ ಸಂಸದರು ಯಾರೆಂದು ಹುಡುಕಿ ಹೋದರೆ, ನಡಾವಳಿಯ ಪುಟದಲ್ಲಿ ಸಿಗುವುದು ಮಸೂದೆ ಅಂಗೀಕಾರವಾಯಿತು ಎಂಬ ಒಂದು ಸಾಲು.