ಪೆಟ್ಟಿಗೆ ರೇಖಾಭ್ಯಾಸ

ದೂರದ್ದು ಕಿರಿದಾಗಿ ಕಾಣುವ ಪರ್ಸ್‌ಪೆಕ್ಟಿವ್ ನಿಯಮದಂತೆ ಪೆಟ್ಟಿಗೆಗಳನ್ನು ಮತ್ತೆ ಮತ್ತೆ ಬರೆದು ಕೈಕಣ್ಣುಗಳನ್ನು ಪಳಗಿಸುವ ಚಿತ್ರಕಲಾಭ್ಯಾಸ. ಈ ನಿಯಮದ ಏಕಬಿಂದು ರೂಪವನ್ನು ಇಟಲಿಯ ಲಿಯೋನ್ ಬಟಿಸ್ಟಾ ಆಲ್ಬರ್ಟಿ 1435ರಲ್ಲಿ ಬರಹಕ್ಕಿಳಿಸಿದ. ಪೆಟ್ಟಿಗೆಯ 12 ಅಂಚುಗಳು ಪರಸ್ಪರ ಸಮಾನಾಂತರವಾದ ನಾಲ್ಕು ನಾಲ್ಕರ ಮೂರು ಗುಂಪುಗಳು. ತ್ರಿಬಿಂದು ವಿಧಾನದಲ್ಲಿ ಪ್ರತಿ ಗುಂಪಿನ ಗೆರೆಗಳೂ ದೂರ ಸರಿದಂತೆ ತಮ್ಮದೇ ಲೋಪಬಿಂದುವಿನತ್ತ (ವ್ಯಾನಿಶಿಂಗ್ ಪಾಯಿಂಟ್) ಕೂಡಬೇಕು. ‘ಡ್ರಾಎಬಾಕ್ಸ್’ ಎಂಬ ಉಚಿತ ಜಾಲಪಾಠಮಾಲೆ ಇಂಥ 250 ಪೆಟ್ಟಿಗೆಗಳನ್ನು ಬರೆಸುತ್ತದೆ. ಎಣಿಕೆಗಿಂತ ಮುಖ್ಯವಾದದ್ದು ತಿದ್ದುವ ಕ್ರಮ. ಬರೆದಾದ ಮೇಲೆ ಬೇರೆ ಬಣ್ಣದಲ್ಲಿ ಅಂಚುಗಳನ್ನು ನೋಡುಗನಿಂದ ದೂರದ ದಿಕ್ಕಿಗೆ ಉದ್ದಕ್ಕೆಳೆದರೆ ದಾರಿ ತಪ್ಪಿದ ಗೆರೆ ತಾನಾಗಿ ಸಿಕ್ಕಿಬೀಳುತ್ತದೆ. ಹೆಚ್ಚಾಗಿ ಕೆಡುವುದು ಹಿಂಬದಿಯ ಮೂಲೆ. ಮುಂದಿನ ಗೆರೆಗಳ ಸಣ್ಣಪುಟ್ಟ ತಪ್ಪೆಲ್ಲ ಅಲ್ಲಿ ಬಂದು ಗುಡ್ಡೆಯಾಗುತ್ತದೆ. ಬಸ್ಸು, ಕುರ್ಚಿ, ಮನುಷ್ಯನ ಎದೆಗೂಡು ಎಲ್ಲವನ್ನೂ ಮೊದಲು ಪೆಟ್ಟಿಗೆಯೊಳಗೆ ಕೂರಿಸಿ ಅನೇಕ ಕಲಾವಿದರು ರೂಪಿಸುವುದರಿಂದ ಈ ಸಾಧನೆ ಸಂಗೀತದ ಸರಳೆವರಸೆಯಷ್ಟೇ ಮೂಲಭೂತವಾದದ್ದು.