ಸಂಕಟದ ಮಕ್ಕಳೂ ಮನೆಯ ಆಸರೆಯೂ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಟಮಾರಿ ಹುಡುಗನನ್ನೋ, ಶಾಲೆ ತಪ್ಪಿಸಿ ಸಂತೆ ಸುತ್ತುವವನನ್ನೋ, ಸಣ್ಣ ಕಳವಿನಲ್ಲಿ ಸಿಕ್ಕಿಬಿದ್ದವನನ್ನೋ ಕಂಡಾಗ ಹಿರಿಯರ ಬಾಯಿಗೆ ಮೊದಲು ಬರುವ ಮಾತು ಅದೇ. ಮಾತು ಸುಳ್ಳಲ್ಲ. ಆದರೆ ಅದು ಗಿಡವನ್ನು ಕುರಿತು ಹೇಳುತ್ತದೆಯೇ ಹೊರತು ಗಿಡವು ಬೇರು ಬಿಟ್ಟಿರುವ ನೆಲವನ್ನು ಕುರಿತು ಏನನ್ನೂ ಹೇಳುವುದಿಲ್ಲ. ಸಂಕಟಕ್ಕೆ ಸಿಕ್ಕಿದ ಮಕ್ಕಳಿಗಾಗಿ ಲೋಕದಲ್ಲಿ ನಡೆದಿರುವ ಧರ್ಮಕಾರ್ಯದ ಚರಿತ್ರೆಯನ್ನು ನೋಡಿದರೆ, ಆ ನೆಲದ ಕಡೆಗೆ ದೃಷ್ಟಿ ಹರಿಯುವುದಕ್ಕೆ ಬಹುಕಾಲ ಹಿಡಿಯಿತೆಂಬುದು ತಿಳಿದುಬರುವುದು. ಆ ಚರಿತ್ರೆಯನ್ನು ಸಂಗ್ರಹವಾಗಿ ಹೇಳಿ, ತುಂಗೆಯ ದಡದ ಶಿವಮೊಗ್ಗೆಗೂ ಭದ್ರೆಯ ದಡದ ಭದ್ರಾವತಿಗೂ ಅದರಿಂದ ದೊರೆಯುವ ಪಾಠವೇನೆಂಬುದನ್ನು ಇಲ್ಲಿ ವಿಚಾರಮಾಡೋಣ.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ತಪ್ಪು ಮಾಡಿದ ಬಾಲಕನು ಕಾನೂನಿನ ಕಣ್ಣಿಗೆ ಚಿಕ್ಕ ಗಾತ್ರದ ಅಪರಾಧಿ ಮಾತ್ರನಾಗಿದ್ದನು. ದೊಡ್ಡವರಿದ್ದ ಸೆರೆಮನೆಯೇ ಅವನಿಗೂ ಗತಿಯಾಗಿತ್ತು. ಅಲ್ಲಿ ಅವನು ಕಲಿತು ಬರುತ್ತಿದ್ದ ವಿದ್ಯೆ ಯಾವುದೆಂಬುದನ್ನು ವಿವರಿಸಬೇಕಾದುದಿಲ್ಲ. 1857ರಲ್ಲಿ ಮುಂಬಯಿಯಲ್ಲಿ ಡೇವಿಡ್ ಸಸೂನ್ ಎಂಬ ವರ್ತಕರ ಹೆಸರಿನ ಸುಧಾರಣಾಶಾಲೆ ಹುಟ್ಟಿತು. 1866ರಲ್ಲಿ ಇಂಗ್ಲೆಂಡಿನ ಮೇರಿ ಕಾರ್ಪೆಂಟರ್ ಎಂಬ ಮಹಿಳೆ ನಮ್ಮ ದೇಶಕ್ಕೆ ಬಂದು, ಮಕ್ಕಳನ್ನು ಸೆರೆಮನೆಯಲ್ಲಿಡುವುದು ತಗದೆಂದು ವಾದಿಸಿದಳು. ಆಕೆ 1854ರಲ್ಲಿಯೇ ಬ್ರಿಸ್ಟಲ್ ನಗರದಲ್ಲಿ ಹೆಣ್ಣುಮಕ್ಕಳ ಸುಧಾರಣಾಶಾಲೆಯನ್ನು ತೆರೆದು ಅನುಭವ ಪಡೆದಿದ್ದವಳು. 1876ರಲ್ಲಿ ಒಂದು ಕಾನೂನೂ 1897ರಲ್ಲಿ ಮತ್ತೊಂದೂ ಬಂದುವು. ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ 1887ರಲ್ಲಿ ಅಂಥ ಶಾಲೆ ಏರ್ಪಟ್ಟಿತು. ಬಡಗಿ ಕೆಲಸ, ಹೊಲಿಗೆ, ನೇಯ್ಗೆಗಳನ್ನು ಕಲಿಸುವ ಇಂಥ ಶಾಲೆಗಳು ಸೆರೆಮನೆಗಿಂತ ಎಷ್ಟೋ ಮೇಲಾಗಿದ್ದುವು. ಆದರೂ ಅವುಗಳ ಗೋಡೆ ಎತ್ತರವಾಗಿಯೇ ಇದ್ದಿತು. ಕೈಕೆಲಸ ಕಲಿತು ಹೊರಬಂದ ಹುಡುಗನು ಹಿಂದಿರುಗುತ್ತಿದ್ದುದು ತಾನು ಬಿಟ್ಟುಬಂದಿದ್ದ ಅದೇ ಮನೆಗೆ. ಆ ಮನೆಯನ್ನು ಯಾರೂ ಮುಟ್ಟಿರಲಿಲ್ಲ.

ಈ ಬಗೆಯ ಧರ್ಮಸಂಸ್ಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಲಂಡನ್ನಿನ ಬರ್ನಾರ್ಡೊ ಸಂಸ್ಥೆ. ಥಾಮಸ್ ಬರ್ನಾರ್ಡೊ ಎಂಬ ಯುವಕನು 1866ರಲ್ಲಿ ವೈದ್ಯವಿದ್ಯೆಗೆಂದು ಲಂಡನ್ನಿಗೆ ಬಂದು, ಬೀದಿಯ ಮಕ್ಕಳ ದುಸ್ಥಿತಿಯನ್ನು ಕಂಡು, 1870ರಲ್ಲಿ ಅವರಿಗೊಂದು ನಿಲಯವನ್ನು ತೆರೆದನು. ಸ್ಥಳವಿಲ್ಲವೆಂದು ಅಲ್ಲಿಂದ ಹಿಂದಕ್ಕೆ ಕಳುಹಿಸಲ್ಪಟ್ಟ ಒಬ್ಬ ಬಾಲಕನು ಕೆಲವು ದಿನಗಳಲ್ಲಿಯೇ ಬೀದಿಯಲ್ಲಿ ಸತ್ತುಬಿದ್ದಿದ್ದನು. ಅಂದಿನಿಂದ, ದಿಕ್ಕಿಲ್ಲದ ಯಾವ ಮಗುವಿಗೂ ಬಾಗಿಲು ಮುಚ್ಚುವುದಿಲ್ಲವೆಂಬ ಸಂಕಲ್ಪವನ್ನು ಸಂಸ್ಥೆ ತಾಳಿತು. ಸಂಕಲ್ಪ ಘನವಾದುದೇ. ಆದರೆ ಅದೇ ಕರುಣೆಯ ಹೆಸರಿನಲ್ಲಿ ಸಾವಿರಾರು ಮಕ್ಕಳು ಹಡಗು ಹತ್ತಿ ಕೆನಡಾಕ್ಕೂ ಮುಂದೆ ಆಸ್ಟ್ರೇಲಿಯಕ್ಕೂ ಹೋದರು. ಅವರಲ್ಲಿ ಎಲ್ಲರೂ ಅನಾಥರಲ್ಲ. ತಂದೆಯೋ ತಾಯಿಯೋ ಬದುಕಿದ್ದು ಬಡತನದಿಂದ ಸಾಕಲಾರದೆ ಹೋದವರ ಮಕ್ಕಳೂ ಅನೇಕರಿದ್ದರು. ಹಲವು ಸಂಸ್ಥೆಗಳು ನಡೆಸಿದ ಈ ಪದ್ಧತಿಗಾಗಿ ಬ್ರಿಟನ್ನಿನ ಪ್ರಧಾನಮಂತ್ರಿ 2010ರಲ್ಲಿ ಕ್ಷಮೆ ಬೇಡಿದರು. ಬರ್ನಾರ್ಡೊ ಸಂಸ್ಥೆಯೂ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತನ್ನ ದೊಡ್ಡ ನಿಲಯಗಳನ್ನು ಒಂದೊಂದಾಗಿ ಮುಚ್ಚಿ, ಮಕ್ಕಳಿಗೆ ಅವರ ಕುಟುಂಬದ ಮೂಲಕವೇ ನೆರವಾಗುವ ಮಾರ್ಗವನ್ನು ಹಿಡಿಯಿತು. ಮಗುವನ್ನು ಮನೆಯಿಂದ ಉಳಿಸಬೇಕೆಂದು ಹೊರಟವರು ಕೊನೆಗೆ ಮಗುವಿಗಾಗಿ ಮನೆಯನ್ನು ಉಳಿಸಬೇಕೆಂಬ ಮಾತಿಗೆ ಬಂದು ನಿಂತರು.

ನಮ್ಮ ಮೈಸೂರು ಸಂಸ್ಥಾನವೂ ಮಕ್ಕಳ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1894ರಲ್ಲಿ ಶಿಶುವಿವಾಹವನ್ನು ತಡೆಯುವ ಕಾನೂನು ಬಂದಿತು. 1913ರಲ್ಲಿ ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸಕ್ಕೆ ದಾರಿಮಾಡುವ ಕಾನೂನು ಬಂದಿತು. 1943ರಲ್ಲಿ ಮಕ್ಕಳ ಕಾಯಿದೆಯೇ ಬಂದಿತು. ಈ ನಡುವೆ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ತಾತಾ ಅವರ ಹೆಸರಿನ ಸಮಾಜಸೇವಾ ವಿದ್ಯಾಲಯ ಸ್ಥಾಪಿತವಾಗಿ, ಮರುವರ್ಷವೇ ಅದರ ಆಶ್ರಯದಲ್ಲಿ ಮಕ್ಕಳ ಮನಸ್ಸಿನ ತೊಡಕುಗಳನ್ನು ಪರಿಶೀಲಿಸುವ ಚಿಕಿತ್ಸಾಲಯವೊಂದು ಪ್ರಾರಂಭವಾಯಿತು. ಇಂಥ ಚಿಕಿತ್ಸಾಲಯದ ಕ್ರಮವು ಗಮನಾರ್ಹವಾದುದು. ವೈದ್ಯರು ಮಗುವಿನ ದೇಹವನ್ನೂ, ಮನಶ್ಶಾಸ್ತ್ರಜ್ಞರು ಬುದ್ಧಿಭಾವಗಳನ್ನೂ ಪರೀಕ್ಷಿಸಿದರೆ, ಮೂರನೆಯವರಾದ ಸಮಾಜಸೇವಕರು ಮಗುವಿನ ಮನೆಗೇ ಹೋಗಿ ತಾಯಿತಂದೆಗಳೊಡನೆ ಮಾತನಾಡುವರು. ಈ ಹುಡುಗ ಎಂಥವನು ಎಂಬ ಹಳೆಯ ಪ್ರಶ್ನೆಯ ಜಾಗದಲ್ಲಿ, ಈ ಹುಡುಗನಿಗೆ ಏನಾಗಿದೆ ಎಂಬ ಹೊಸ ಪ್ರಶ್ನೆ ಬಂದುದು ಹೀಗೆ.

ಶಿವಮೊಗ್ಗೆ ಭದ್ರಾವತಿಗಳಲ್ಲಿ ಆ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು. ಏಕೆಂದರೆ ಈ ಸೀಮೆಯ ಸಂಸಾರಗಳ ನೆಲವು ಒಂದು ಶತಮಾನದಲ್ಲಿ ಹಲವು ಸಲ ಕದಲಿದೆ. ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲಿ ರೈಲು ಬಂದಿತು. ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಚಿಕ್ಕ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಮೊದಲಾಗಿ, 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲನ್ನುಂಡು ಊದುಕುಲುಮೆ ಉರಿಯಲಾರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯ ಕಂಪನಿ ಸ್ಥಾಪಿತವಾಯಿತು. ಕನ್ನಡದವರೊಡನೆ ತಮಿಳು, ತೆಲುಗು, ಉರ್ದು ಮಾತನಾಡುವ ಸಂಸಾರಗಳೂ ಬಂದು ಕಾರ್ಖಾನೆಯ ಸಾಲುಮನೆಗಳಲ್ಲಿ ನೆಲಸಿದುವು. ಸಂಬಳ ಬಂದಿತು, ಶಾಲೆ ಬಂದಿತು, ಆಸ್ಪತ್ರೆ ಬಂದಿತು. ಆದರೆ ಅಜ್ಜಿಯೂ ದೊಡ್ಡಪ್ಪನೂ ಚಿಕ್ಕಮ್ಮನೂ ಊರಿನಲ್ಲಿಯೇ ಉಳಿದರು. ತಂದೆ ಪಾಳಿಯ ಕೆಲಸಕ್ಕೆ ಹೋಗಿ ಹಗಲು ಮಲಗುವ ಮನೆಯಲ್ಲಿ, ಅಳುವ ಮಗುವನ್ನು ಎತ್ತಿಕೊಳ್ಳುವ ಎರಡನೆಯ ಕೈ ಇಲ್ಲದಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಶರಾವತಿಯ ನೀರು ಹೊಕ್ಕ ಹಳ್ಳಿಗಳ ಜನ ಜಿಲ್ಲೆಯ ಬೇರೆ ಕಡೆಗಳಿಗೆ ಗುಳೆ ಬಂದರು. ಈಚೆಗೆ, 2015-16ರ ಸುಮಾರಿಗೆ, ಕಾಗದದ ಕಾರ್ಖಾನೆ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಗಾರರ ಸಂಖ್ಯೆ ಹಿಂದಿನದಕ್ಕಿಂತ ಬಹಳ ಇಳಿಯಿತು. ದುಡಿಮೆ ಹೋದ ಮನೆಯಲ್ಲಿ ಸಾಲ, ಕುಡಿತ, ಜಗಳಗಳು ಹೊಕ್ಕರೆ ಅವುಗಳ ಮೊದಲ ಪೆಟ್ಟು ಬೀಳುವುದು ಮಕ್ಕಳ ಮೇಲೆಯೇ. ಆ ಮನೆಯ ಹುಡುಗನು ಶಾಲೆ ಬಿಟ್ಟು ರೈಲು ನಿಲ್ದಾಣದಲ್ಲಿ ಅಲೆಯುತ್ತಿದ್ದರೆ ಅದನ್ನು ಅವನೊಬ್ಬನ ದುರ್ಗುಣವೆಂದು ಕರೆಯುವುದು ನ್ಯಾಯವಾಗಲಾರದು.

ಈ ತಿಳಿವಳಿಕೆಯನ್ನು ಸಾಮಾನ್ಯ ಜನರವರೆಗೆ ತಂದವರಲ್ಲಿ ಶಿವಮೊಗ್ಗೆಯ ಮನೋವೈದ್ಯರಾದ ಡಾಕ್ಟರ್ ಕಟೀಲು ಅಶೋಕ ಪೈ ಅವರನ್ನು ಸ್ಮರಿಸಬೇಕು. ಮನಸ್ಸಿನ ಕಾಯಿಲೆಯೆಂದರೆ ಬೆಂಗಳೂರಿನ ಆಸ್ಪತ್ರೆಯೊಂದೇ ನೆನಪಾಗುತ್ತಿದ್ದ ಕಾಲದಲ್ಲಿ ಅವರು ಶಿವಮೊಗ್ಗೆಯಲ್ಲಿ ಮಾನಸ ಎಂಬ ಚಿಕಿತ್ಸಾಲಯವನ್ನು ನಡೆಸಿದರು. ಲೇಖನ, ಭಾಷಣಗಳಿಂದ ತೃಪ್ತರಾಗದೆ ಚಲನಚಿತ್ರವನ್ನೂ ಕೈಗೆತ್ತಿಕೊಂಡರು. 1988ರ ‘ಕಾಡಿನ ಬೆಂಕಿ’ ಎಂಬ ಚಿತ್ರವು, ಎಳೆತನದಲ್ಲಿ ಮನಸ್ಸಿಗೆ ಆದ ಗಾಯ ದಾಂಪತ್ಯದವರೆಗೂ ಹೇಗೆ ಬೆನ್ನು ಹತ್ತಿ ಬರುತ್ತದೆಂಬುದನ್ನು ಕನ್ನಡಿಗರ ಮುಂದಿಟ್ಟಿತು. 2016ರಲ್ಲಿ ಅವರು ತೀರಿಕೊಂಡರು. ಮನಸ್ಸಿನ ನೋವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಬಹುದೆಂಬ ಧೈರ್ಯವನ್ನು ಅವರು ಬಹುಮಂದಿ ತಾಯಿತಂದೆಗಳಿಗೆ ಕೊಟ್ಟುಹೋದರು.

ಕಾನೂನೂ ಇದೇ ದಿಕ್ಕಿಗೆ ನಡೆದುಬಂದಿದೆ. 1964ರ ರಾಜ್ಯದ ಮಕ್ಕಳ ಕಾಯಿದೆಯ ತರುವಾಯ 1986, 2000, 2015ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬಾಲನ್ಯಾಯದ ಕಾಯಿದೆಗಳು ಬಂದುವು. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಟ್ಟಕಡೆಯ ಉಪಾಯವಾಗಿರಬೇಕು, ಪಾಲನೆಯ ಮೊದಲ ಹೊಣೆ ಕುಟುಂಬದ್ದು ಎಂಬುದನ್ನು ಕೊನೆಯ ಕಾಯಿದೆ ತತ್ತ್ವವಾಗಿಯೇ ಬರೆದಿಟ್ಟಿದೆ. ಆಸರೆ ಬೇಕಾದ ಮಕ್ಕಳ ವಿಚಾರವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯೂ, ತಪ್ಪು ಮಾಡಿದರೆಂಬ ಆರೋಪಕ್ಕೆ ಸಿಕ್ಕಿದ ಮಕ್ಕಳ ವಿಚಾರವನ್ನು ಬಾಲನ್ಯಾಯ ಮಂಡಳಿಯೂ ನೋಡುವುವು. ಆಪತ್ತಿನಲ್ಲಿರುವ ಮಗುವಿಗಾಗಿ ಯಾರು ಬೇಕಾದರೂ 1098 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಬಡತನದಿಂದಲೇ ಮಗು ಮನೆ ಬಿಡಬೇಕಾಗಿ ಬಂದರೆ, ಮನೆಯಲ್ಲಿಯೇ ಉಳಿಸಿ ಮಾಸಾಶನ ಕೊಡುವ ಪ್ರಾಯೋಜಕತ್ವವೆಂಬ ಏರ್ಪಾಡೂ ಉಂಟು.

ಹಾಗೆಂದು ಎಲ್ಲ ಮನೆಗಳೂ ಮಗುವಿಗೆ ಕ್ಷೇಮವೆಂದು ಹೇಳಲಾಗದು. ಹೊಡೆತಕ್ಕೂ ಅಪಚಾರಕ್ಕೂ ಗುರಿಮಾಡುವ ಮನೆಯಿಂದ ಮಗುವನ್ನು ಕೂಡಲೇ ಬಿಡಿಸಿ ತರಬೇಕು. ಆಗ ಬಾಲಮಂದಿರದ ಗೋಡೆ ಮರೆಯೇ ಅದಕ್ಕೆ ರಕ್ಷೆ. ಮನೆಯೇ ಇಲ್ಲದ ಮಗುವಿಗೂ ಅದು ಬೇಕು. ಆದರೆ ಉಳಿದ ಮಕ್ಕಳ ಪಾಲಿಗೆ, ತಾಯಿಗೆ ಒಂದು ಕೆಲಸ, ತಂದೆಯ ಕುಡಿತ ಬಿಡಿಸುವ ಚಿಕಿತ್ಸೆ, ಶಾಲೆಯಲ್ಲಿ ಕೇಳಿಸಿಕೊಳ್ಳುವ ಒಬ್ಬ ಉಪಾಧ್ಯಾಯರು, ಇಷ್ಟು ದೊರೆತರೆ ಎಷ್ಟೋ ಹುಡುಗರು ಆ ಬಾಗಿಲಿನವರೆಗೆ ಬರುವುದೇ ಇಲ್ಲ. ಕಟ್ಟಡಕ್ಕೆ ದಾನ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತುತ್ತಾರೆ. ಒಂದು ಸಂಸಾರ ಮುರಿಯದಂತೆ ನೋಡಿಕೊಂಡವರ ಹೆಸರು ಎಲ್ಲಿಯೂ ಕಾಣಿಸುವುದಿಲ್ಲ. ಮಕ್ಕಳ ಸಂಸ್ಥೆಗೆ ಸಹಾಯಮಾಡಬೇಕೆಂಬ ಸದ್ಬುದ್ಧಿಯುಳ್ಳ ನಗರದ ಮಹನೀಯರೂ ಮಹಿಳೆಯರೂ, ಇಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಕೇಳುವುದರ ಜೊತೆಗೆ, ಈ ವರ್ಷ ಎಷ್ಟು ಮಕ್ಕಳು ನೆಲೆಯಾದ ಮನೆಗೆ ಹಿಂದಿರುಗಿದರು ಎಂದೂ ಕೇಳಬೇಕು. ಸಂಸ್ಥೆಯ ಯೋಗ್ಯತೆಯನ್ನು ತೂಗಲು ಆ ಎರಡನೆಯ ಪ್ರಶ್ನೆಯೇ ಸರಿಯಾದ ತಕ್ಕಡಿ.